ಪಕ್ಷ ಹಿಡಿಯದ ಗುರು: ಮೈಸೂರು ಹಿರಿಯಣ್ಣನವರು

ಉಪಾಧ್ಯಾಯನಾದವನು ತರಗತಿಯಲ್ಲಿ ಆಡುವ ಮಾತಿಗೆ ಬೇರೆಡೆಯಲ್ಲಿ ಆಡುವ ಮಾತಿಗಿಂತ ಹೆಚ್ಚಿನ ತೂಕವುಂಟು. ಸಂತೆಯಲ್ಲಿ ಒಬ್ಬನು ಒಂದು ಮಾತನ್ನು ಆಡಿದರೆ ಕೇಳುವವನು ಅದನ್ನು ಒಪ್ಪಬಹುದು, ಬಿಡಬಹುದು, ಎದುರು ವಾದಿಸಲೂ ಬಹುದು. ತರಗತಿಯಲ್ಲಿ ಹಾಗಲ್ಲ. ಅಲ್ಲಿ ಕೇಳುವವರು ಎಳೆಯರು, ಹೇಳುವವರು ಹಿರಿಯರು. ಅಲ್ಲದೆ ಅಂಕಗಳನ್ನು ಕೊಡುವ ಕೈಯೂ ಹೇಳುವವರದೇ ಆಗಿರುತ್ತದೆ. ಪುಸ್ತಕದಲ್ಲಿರುವ ಸಂಗತಿ ಯಾವುದು, ಮೇಷ್ಟರ ಸ್ವಂತ ಒಲವು ಯಾವುದು ಎಂಬುದನ್ನು ಮಕ್ಕಳು ಬೇರ್ಪಡಿಸಿ ನೋಡುವುದು ಕಷ್ಟ. ಎರಡೂ ಒಂದೇ ಬಾಯಿಂದ, ಒಂದೇ ಧ್ವನಿಯಲ್ಲಿ, ಒಂದೇ ಕರಿಹಲಗೆಯ ಮುಂದೆ ಬರುತ್ತವೆ. ಆದುದರಿಂದ ಪಾಠ ಹೇಳುವವನು ತನ್ನ ಜಾತಿ, ಮತ, ಭಾಷೆ, ಪಕ್ಷಗಳ ಅಭಿಮಾನವನ್ನು ತರಗತಿಯ ಬಾಗಿಲಿನ ಹೊರಗೆ ಪಾದರಕ್ಷೆಯಂತೆ ಕಳಚಿಟ್ಟು ಬರಬೇಕೆಂಬುದು ಕಲಿಸುವ ವೃತ್ತಿಯ ಮೊದಲ ನಿಯಮಗಳಲ್ಲೊಂದು. ಹೇಳಲು ಸುಲಭವಾದ, ನಡೆಯಲು ಬಹು ಕಠಿನವಾದ ಈ ನಿಯಮವನ್ನು ತಮ್ಮ ಬಾಳಿನುದ್ದಕ್ಕೂ ನಡೆಸಿ ತೋರಿಸಿದ ಕನ್ನಡ ನಾಡಿನ ಒಬ್ಬ ಮಹನೀಯರ ಚರಿತ್ರೆಯನ್ನು ಈ ವರ್ಷದ ಸಂಚಿಕೆಯಲ್ಲಿ ನಮ್ಮ ವಿದ್ಯಾರ್ಥಿಗಳ ಮುಂದಿಡಲು ನಾವು ಬಯಸುತ್ತೇವೆ. ಅವರೇ ಪ್ರೊಫೆಸರ್ ಎಂ. ಹಿರಿಯಣ್ಣನವರು.

ಹಿರಿಯಣ್ಣನವರು 1871ನೆಯ ಇಸವಿ ಮೇ 7ರಂದು ಮೈಸೂರಿನಲ್ಲಿ ಜನಿಸಿದರು. ಆಗ ಮೈಸೂರು ಸಂಸ್ಥಾನವು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿತ್ತು. 1881ರಲ್ಲಿ ರಾಜ್ಯವು ಮತ್ತೆ ಒಡೆಯರ ವಂಶಕ್ಕೆ ಒಪ್ಪಿಸಲ್ಪಟ್ಟಾಗ ಹಿರಿಯಣ್ಣನವರು ಇನ್ನೂ ಹತ್ತು ವರ್ಷ ತುಂಬದ ಬಾಲಕರು. ಹಳೆಯ ಪಂಡಿತರ ಪಾಠಕ್ರಮವೂ ಹೊಸ ಇಂಗ್ಲಿಷ್ ವಿದ್ಯೆಯೂ ಒಂದೇ ಊರಿನ ಎರಡು ಬೀದಿಗಳಲ್ಲಿ ನಡೆಯುತ್ತಿದ್ದ ಕಾಲವದು. ಒಂದು ಬೀದಿಯವರಿಗೆ ಮತ್ತೊಂದು ಬೀದಿಯವರ ವಿಷಯದಲ್ಲಿ ಅಷ್ಟೇನೂ ಗೌರವವಿರಲಿಲ್ಲ. ಹಿರಿಯಣ್ಣನವರು ಎರಡೂ ಬೀದಿಗಳಲ್ಲಿ ನಡೆದರು. ಸಂಸ್ಕೃತವನ್ನು ಸಂಪ್ರದಾಯದ ವಿದ್ವಾಂಸರಿಂದ ಕಲಿತರು. ಇಂಗ್ಲಿಷ್ ವಿದ್ಯೆಗಾಗಿ ಮದರಾಸಿಗೆ ಬಂದರು.

ಮದರಾಸೆಂದರೆ ನಾವು ಇಂದು ವಾಸವಾಗಿರುವ ಈ ಚೆನ್ನೈ ನಗರವೇ. ಹಿರಿಯಣ್ಣನವರು ಓದಿದ್ದು ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಆ ಕಾಲೇಜು ಈಗ ತಾಂಬರಂನಲ್ಲಿದೆ. ಆದರೆ ಅದು ಅಲ್ಲಿಗೆ ಹೋದದ್ದು 1937ರಲ್ಲಿ. ಅದಕ್ಕೆ ಮುಂಚೆ ಅದು ಜಾರ್ಜ್ ಟೌನಿನಲ್ಲಿ, ಹೈಕೋರ್ಟಿನ ಎದುರಿಗಿತ್ತು. ನಮ್ಮ ಮಾಧವರಂನಿಂದ ಮೂಲಕಡೈ ದಾಟಿ ಪ್ಯಾರಿಸ್ ಕಡೆಗೆ ಬಸ್ಸಿನಲ್ಲಿ ಹೋಗುವ ಮಕ್ಕಳು ಆ ಬೀದಿಗಳನ್ನು ಎಷ್ಟೋ ಸಲ ಕಂಡಿರುತ್ತಾರೆ. ಅಂದು ಆ ಕಾಲೇಜಿನ ಪ್ರಾಂಶುಪಾಲರಾಗಿದ್ದವರು ಸ್ಕಾಟ್ಲೆಂಡಿನಿಂದ 1862ರಲ್ಲಿ ಮದರಾಸಿಗೆ ಬಂದ ವಿಲಿಯಂ ಮಿಲ್ಲರ್ ಎಂಬ ಮಿಷನರಿ. ಕ್ರೈಸ್ತ ಧರ್ಮವನ್ನು ಸಾರಲೆಂದೇ ಹುಟ್ಟಿದ ಸಂಸ್ಥೆಯಾದರೂ ಅಲ್ಲಿ ಓದುತ್ತಿದ್ದವರಲ್ಲಿ ಬಹುಮಂದಿ ಹಿಂದೂ ಮನೆತನಗಳ ಹುಡುಗರು. ಗುರುವಿನ ನಂಬಿಕೆ ಒಂದು, ಶಿಷ್ಯನ ಮನೆಯ ನಂಬಿಕೆ ಮತ್ತೊಂದು ಆಗಿರುವ ತರಗತಿಯಲ್ಲಿ ಕುಳಿತು ಕಲಿಯುವುದೆಂದರೆ ಏನೆಂಬುದನ್ನು ಅಲ್ಲಿಯ ವಿದ್ಯಾರ್ಥಿಗಳು ದಿನನಿತ್ಯ ಅನುಭವಿಸುತ್ತಿದ್ದರು. ಮುಂದೆ ತಾವೇ ಗುರುವಿನ ಸ್ಥಾನದಲ್ಲಿ ನಿಂತಾಗ, ಎದುರಿನ ಬೆಂಚಿನಲ್ಲಿ ಬೇರೆ ನಂಬಿಕೆಯ ಶಿಷ್ಯನೊಬ್ಬನು ಕುಳಿತಿರುವನೆಂಬುದನ್ನು ಹಿರಿಯಣ್ಣನವರು ಒಮ್ಮೆಯೂ ಮರೆತವರಲ್ಲವೆಂಬುದಕ್ಕೆ ಅವರ ಗ್ರಂಥಗಳೇ ಸಾಕ್ಷಿ.

ಮದರಾಸು ವಿಶ್ವವಿದ್ಯಾನಿಲಯದ ಪದವಿಗಳನ್ನು ಪಡೆದ ಹಿರಿಯಣ್ಣನವರು ಮೈಸೂರಿನ ಸರ್ಕಾರಿ ಪ್ರಾಚ್ಯ ಪುಸ್ತಕಾಲಯದಲ್ಲಿ ಕೆಲಸಕ್ಕೆ ಸೇರಿದರು. 1891ರಲ್ಲಿ ಸ್ಥಾಪಿತವಾದ ಈ ಭಂಡಾರವು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯಿಂದಾಗಿ ಮುಂದೆ ಲೋಕಪ್ರಸಿದ್ಧವಾಯಿತು, ಆರ್. ಶಾಮಶಾಸ್ತ್ರಿಗಳು ಆ ಗ್ರಂಥವನ್ನು 1909ರಲ್ಲಿ ಅಚ್ಚು ಹಾಕಿಸಿದರು. ಇಂತಹ ಭಂಡಾರದಲ್ಲಿ ಓಲೆಗರಿಗಳನ್ನೂ ಅಚ್ಚಿನ ಪುಸ್ತಕಗಳನ್ನೂ ಎಣಿಸಿ, ಹೆಸರು ಬರೆದು, ಪಟ್ಟಿ ಮಾಡುವುದು ಹಿರಿಯಣ್ಣನವರ ಪಾಲಿಗೆ ಬಂದಿತು. ಈ ಕೆಲಸ ಹೊರನೋಟಕ್ಕೆ ಒಣ ಕೆಲಸ. ಆದರೆ ಇದರಲ್ಲಿ ಒಂದು ದೊಡ್ಡ ಶಿಕ್ಷಣವಿದೆ. ಪಟ್ಟಿ ಬರೆಯುವವನು ಶೈವರ ಗ್ರಂಥಕ್ಕೆ ಒಂದು ಸಾಲನ್ನೂ ವೈಷ್ಣವರ ಗ್ರಂಥಕ್ಕೆ ಒಂದು ಪುಟವನ್ನೂ ಕೊಡುವಂತಿಲ್ಲ. ಜೈನರ ಗ್ರಂಥವನ್ನು ಕೆಳಗಿನ ಅಟ್ಟಕ್ಕೆ ತಳ್ಳುವಂತಿಲ್ಲ. ತನಗೆ ಇಷ್ಟವಾದದ್ದಕ್ಕೂ ಇಷ್ಟವಿಲ್ಲದ್ದಕ್ಕೂ ಒಂದೇ ಅಳತೆಯ ಗೂಡು, ಒಂದೇ ಬಗೆಯ ಅಂಕೆ. ಓಲೆಗರಿಯಲ್ಲಿ ಇರುವುದನ್ನು ಇದ್ದಂತೆ ಓದಬೇಕೇ ಹೊರತು ಇರಬೇಕೆಂದು ತಾನು ಬಯಸಿದ್ದನ್ನು ಓದಬಾರದು. ಇಂತಹ ಶಿಸ್ತು ಒಮ್ಮೆ ಕೈಗೆ ಹತ್ತಿದರೆ ನಾಲಗೆಗೂ ಹತ್ತುತ್ತದೆ.

ಅನಂತರ ಹಿರಿಯಣ್ಣನವರು ಮೈಸೂರಿನ ಸರ್ಕಾರಿ ನಾರ್ಮಲ್ ಸ್ಕೂಲಿನಲ್ಲಿ ಉಪಾಧ್ಯಾಯರಾದರು, ಮುಂದೆ ಮುಖ್ಯೋಪಾಧ್ಯಾಯರೂ ಆದರು. ನಾರ್ಮಲ್ ಸ್ಕೂಲು ಎಂದರೆ ಉಪಾಧ್ಯಾಯರನ್ನು ತಯಾರು ಮಾಡುವ ಶಾಲೆ. ಊರೂರುಗಳ ಪ್ರಾಥಮಿಕ ಶಾಲೆಗಳಿಗೆ ಹೋಗಲಿದ್ದ ಮೇಷ್ಟರುಗಳು ಅಲ್ಲಿ ಕಲಿಯುತ್ತಿದ್ದರು. ಮಕ್ಕಳ ಮುಂದೆ ಹೇಗೆ ನಿಲ್ಲಬೇಕೆಂಬುದನ್ನು ಕಲಿಸುವವನು ತಾನು ಹೇಗೆ ನಿಲ್ಲುತ್ತೇನೆಂಬುದನ್ನು ಪ್ರತಿದಿನವೂ ಪರೀಕ್ಷಿಸಿಕೊಳ್ಳಬೇಕಾಗುತ್ತದೆ. ಈ ಪರೀಕ್ಷೆಯಲ್ಲಿ ಪಳಗಿದ ಮೇಲೆ 1912ರಲ್ಲಿ ಅವರು ಮಹಾರಾಜಾ ಕಾಲೇಜಿನ ಸಂಸ್ಕೃತ ವಿಭಾಗಕ್ಕೆ ಬಂದರು. ಆ ಕಾಲೇಜು ಅಂದು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1916ರ ಜುಲೈ ತಿಂಗಳಲ್ಲಿ ಮೈಸೂರಿಗೆ ತನ್ನದೇ ಆದ ವಿಶ್ವವಿದ್ಯಾನಿಲಯವು ದೊರೆಯಿತು. ಹಿರಿಯಣ್ಣನವರು ಅದರಲ್ಲಿ ಸಂಸ್ಕೃತದ ಪ್ರೊಫೆಸರರಾಗಿ, ಭಾರತೀಯ ತತ್ತ್ವಶಾಸ್ತ್ರವನ್ನು ಅನೇಕ ವರ್ಷಗಳ ಕಾಲ ಬೋಧಿಸಿ, 1927ರಲ್ಲಿ ನಿವೃತ್ತರಾದರು.

ತತ್ತ್ವಶಾಸ್ತ್ರದ ತರಗತಿಯಲ್ಲಿ ಪಕ್ಷಪಾತಕ್ಕೆ ಎಷ್ಟು ಅವಕಾಶವಿದೆಯೆಂಬುದನ್ನು ನಮ್ಮ ಎಳೆಯ ಓದುಗರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಉಪನಿಷತ್ತು, ಭಗವದ್ಗೀತೆ, ಬ್ರಹ್ಮಸೂತ್ರ ಎಂಬ ಮೂರನ್ನು ಮುಂದಿಟ್ಟುಕೊಂಡು ಮೂವರು ಆಚಾರ್ಯರು ಮೂರು ಬಗೆಯ ಅರ್ಥವನ್ನು ಹೇಳಿದರು. ಜೀವನೂ ಬ್ರಹ್ಮವೂ ಕಡೆಯಲ್ಲಿ ಬೇರೆಯಲ್ಲವೆಂದು ಶಂಕರರು ಹೇಳಿದರು. ಜೀವರೂ ಜಗತ್ತೂ ಪರಮಾತ್ಮನಿಗೆ ಶರೀರದಂತೆ ಇರುತ್ತವೆ, ಅವನನ್ನು ಬಿಟ್ಟು ಇರಲಾರವು, ಆದರೂ ಸುಳ್ಳಲ್ಲವೆಂದು ರಾಮಾನುಜರು ಹೇಳಿದರು. ದೇವರು ಬೇರೆ, ಜೀವನು ಬೇರೆ, ಈ ಭೇದವು ಎಂದೆಂದಿಗೂ ಸತ್ಯವೆಂದು ಮಧ್ವರು ಹೇಳಿದರು. ಶಂಕರರ ಪೀಠ ಶೃಂಗೇರಿಯಲ್ಲಿದೆ. ರಾಮಾನುಜರು ಹುಟ್ಟಿದ್ದು ನಮ್ಮ ಚೆನ್ನೈಗೆ ಸಮೀಪದ ಶ್ರೀಪೆರುಂಬುದೂರಿನಲ್ಲಿ, ಕೆಲಕಾಲ ನೆಲಸಿದ್ದು ಮೇಲುಕೋಟೆಯಲ್ಲಿ. ಮಧ್ವರ ಕ್ಷೇತ್ರ ಉಡುಪಿ. ಹೀಗಾಗಿ ಈ ಭೇದಗಳು ಮೈಸೂರಿನ ಜನಕ್ಕೆ ಬರಿಯ ಪುಸ್ತಕದ ಭೇದಗಳಾಗಿರಲಿಲ್ಲ. ಹಣೆಯ ಮೇಲಣ ವಿಭೂತಿ, ನಾಮ, ಅಂಗಾರ ಅಕ್ಷತೆಗಳಲ್ಲಿ ಅವು ಕಾಣುತ್ತಿದ್ದವು. ಯಾರ ಮನೆಯಲ್ಲಿ ಯಾರು ಊಟ ಮಾಡಬಹುದು, ಯಾರ ಮನೆಗೆ ಹೆಣ್ಣು ಕೊಡಬಹುದು ಎಂಬಲ್ಲಿಯವರೆಗೆ ಅವು ಹಬ್ಬಿದ್ದವು. ಇದರ ಜೊತೆಗೆ ಜೈನರಿದ್ದರು, ವೀರಶೈವರಿದ್ದರು, ಮುಸಲ್ಮಾನರೂ ಕ್ರೈಸ್ತರೂ ಇದ್ದರು. ಇಂತಹ ಊರಿನ ಕಾಲೇಜಿನಲ್ಲಿ ಈ ಮತಗಳನ್ನೇ ಪಾಠವಾಗಿ ಹೇಳಬೇಕಾದ ಅಧ್ಯಾಪಕನ ಸ್ಥಿತಿಯನ್ನು ಊಹಿಸಿಕೊಳ್ಳಿರಿ. ಒಂದು ಹುಬ್ಬು ಮೇಲೇರಿದರೆ ಸಾಕು, ಒಂದು ನಗೆ ತುಟಿಯಲ್ಲಿ ಸುಳಿದರೆ ಸಾಕು, ಬೆಂಚಿನ ಮೇಲಿರುವ ಒಬ್ಬ ಹುಡುಗನ ಮನೆಯ ದೇವರಿಗೆ ಅವಮಾನವಾದಂತಾಗುತ್ತದೆ.

ಹಿರಿಯಣ್ಣನವರು ಇಂತಹ ಸ್ಥಾನದಲ್ಲಿ ನಿಂತು ಹೇಗೆ ಪಾಠ ಹೇಳಿದರೆಂಬುದನ್ನು ತಿಳಿಯಲು ನಮಗೆ ಒಂದು ಉತ್ತಮ ಸಾಧನವಿದೆ. 1932ರಲ್ಲಿ ಲಂಡನ್ನಿನ ಅಲೆನ್ ಅಂಡ್ ಅನ್ವಿನ್ ಸಂಸ್ಥೆಯವರು ಅವರ ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ ಎಂಬ ಗ್ರಂಥವನ್ನು ಪ್ರಕಟಿಸಿದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ತಾವು ಅನೇಕ ವರ್ಷ ಮಾಡಿದ ಉಪನ್ಯಾಸಗಳೇ ಈ ಗ್ರಂಥಕ್ಕೆ ಆಧಾರವೆಂಬುದನ್ನು ಅವರೇ ಮುನ್ನುಡಿಯಲ್ಲಿ ತಿಳಿಸಿದ್ದಾರೆ. ಆದುದರಿಂದ ಆ ಪುಸ್ತಕವನ್ನು ತೆರೆದರೆ ಅವರ ತರಗತಿಯ ಬಾಗಿಲನ್ನೇ ತೆರೆದಂತೆ.

ಆ ತರಗತಿಯಲ್ಲಿ ಮೊದಲು ಕಾಣುವುದು ಒಂದೇ ಅಳತೆಗೋಲು. ಬೌದ್ಧರಾಗಲಿ, ಜೈನರಾಗಲಿ, ನೈಯಾಯಿಕರಾಗಲಿ, ಮೀಮಾಂಸಕರಾಗಲಿ, ವೇದಾಂತಿಗಳಾಗಲಿ, ಪ್ರತಿಯೊಂದು ದರ್ಶನದ ಮುಂದೆಯೂ ಅವರು ಸಾಮಾನ್ಯವಾಗಿ ಒಂದೇ ಬಗೆಯ ಪ್ರಶ್ನೆಗಳನ್ನು ಇಡುತ್ತಾರೆ. ಈ ಮತವು ಬೆಳೆದು ಬಂದ ಬಗೆ ಯಾವುದು? ನಮಗೆ ತಿಳಿವಳಿಕೆ ಹೇಗೆ ಉಂಟಾಗುತ್ತದೆಂದು ಇವರು ಹೇಳುತ್ತಾರೆ? ಇರುವ ವಸ್ತು ಯಾವುದೆಂದು ಹೇಳುತ್ತಾರೆ? ಮನುಷ್ಯನು ಹೇಗೆ ಬಾಳಬೇಕೆಂದು ಹೇಳುತ್ತಾರೆ? ಒಬ್ಬರಿಗೆ ಸುಲಭವಾದ ಪ್ರಶ್ನೆ, ಮತ್ತೊಬ್ಬರಿಗೆ ಕಠಿನವಾದ ಪ್ರಶ್ನೆ ಎಂಬ ಭೇದವಿಲ್ಲ. ತೂಕದ ಬಟ್ಟನ್ನು ಗಿರಾಕಿಗೊಮ್ಮೆ ಬದಲಾಯಿಸದ ವರ್ತಕನಂತೆ ಅವರು ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ.

ಎರಡನೆಯದಾಗಿ, ಪ್ರತಿಯೊಂದು ಮತವನ್ನೂ ಅದರವರೇ ಒಪ್ಪುವ ರೀತಿಯಲ್ಲಿ ಅವರು ನಿರೂಪಿಸುತ್ತಾರೆ. ನಮ್ಮ ದೇಶದ ವಾದಪದ್ಧತಿಯಲ್ಲಿ ಪೂರ್ವಪಕ್ಷವೆಂಬ ಒಂದು ಕಟ್ಟಳೆಯುಂಟು. ಎದುರಾಳಿಯ ಮಾತನ್ನು ಖಂಡಿಸುವ ಮುಂಚೆ ಅದನ್ನು ಪೂರ್ಣವಾಗಿ, ಅದರ ಬಲವಾದ ರೂಪದಲ್ಲಿ ಹೇಳಬೇಕೆಂಬುದು ಆ ಕಟ್ಟಳೆ. ಆದರೆ ವಾದದ ಬಿಸಿಯಲ್ಲಿ ಅದನ್ನು ಎಲ್ಲರೂ ಪಾಲಿಸಲಿಲ್ಲ. ಇದಕ್ಕೆ ಚಾರ್ವಾಕರ ಕಥೆಯೇ ನಿದರ್ಶನ. ವೇದವನ್ನೂ ಪರಲೋಕವನ್ನೂ ಒಪ್ಪದ ಈ ಮತದವರ ಗ್ರಂಥಗಳು ಬಹುಮಟ್ಟಿಗೆ ಕಳೆದುಹೋಗಿವೆ. ಅವರ ವಿಷಯವಾಗಿ ನಾವು ತಿಳಿದಿರುವುದರಲ್ಲಿ ಹೆಚ್ಚಿನ ಭಾಗವು ಅವರನ್ನು ಖಂಡಿಸಿದವರ ಬರಹಗಳಿಂದಲೇ ಬಂದದ್ದು. ಆಪಾದಿತನು ತೀರಿಕೊಂಡ ಮೇಲೆ ಎದುರು ಪಕ್ಷದ ವಕೀಲನೊಬ್ಬನ ಮಾತನ್ನೇ ಕೇಳಿ ತೀರ್ಪು ಕೊಟ್ಟಂತೆ ಇದು. ಹಿರಿಯಣ್ಣನವರು ತಮ್ಮ ಗ್ರಂಥದಲ್ಲಿ ಚಾರ್ವಾಕರಿಗೂ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾರೆ. ಅವರ ಬಗೆಗೆ ದೊರೆಯುವ ನಿರೂಪಣೆ ಎದುರಾಳಿಗಳದೆಂಬುದನ್ನೂ, ಆದುದರಿಂದ ಅದರಲ್ಲಿ ಉತ್ಪ್ರೇಕ್ಷೆ ಇರಬಹುದೆಂಬುದನ್ನೂ ಓದುಗರಿಗೆ ಮರೆಮಾಚದೆ ತಿಳಿಸಿದ್ದಾರೆ. ಉತ್ತರ ಕೊಡಲು ಎದುರಿಗಿಲ್ಲದವನಿಗೂ ನ್ಯಾಯ ದೊರೆಯಬೇಕೆಂಬ ಈ ಕಳಕಳಿಯಲ್ಲಿ ಅವರ ನಿಷ್ಪಕ್ಷಪಾತದ ಆಳವು ಕಾಣುತ್ತದೆ.

ಮೂರನೆಯದಾಗಿ, ಗ್ರಂಥದ ಕ್ರಮವನ್ನು ನೋಡಬೇಕು. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಕಾಲದ ಮಾಧವಾಚಾರ್ಯರ ಹೆಸರಿನಲ್ಲಿ ಬಂದಿರುವ ಸರ್ವದರ್ಶನಸಂಗ್ರಹವೆಂಬ ಪ್ರಸಿದ್ಧ ಗ್ರಂಥವಿದೆ. ಅದು ಚಾರ್ವಾಕದಿಂದ ಮೊದಲಾಗಿ ಒಂದೊಂದು ದರ್ಶನವನ್ನೂ ಮುಂದಿನದರಿಂದ ಖಂಡಿಸುತ್ತ, ಮೆಟ್ಟಿಲು ಹತ್ತಿಸಿದಂತೆ ಓದುಗನನ್ನು ಶಂಕರರ ಅದ್ವೈತಕ್ಕೆ ಕರೆದೊಯ್ಯುತ್ತದೆ. ಅದು ಒಬ್ಬ ಅದ್ವೈತಿಯ ಗ್ರಂಥವಾದುದರಿಂದ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿರಿಯಣ್ಣನವರು ತರಗತಿಯ ಅಧ್ಯಾಪಕರು. ಅವರು ವೇದಕಾಲ, ಅದರ ಮುಂದಿನ ಕಾಲ, ದರ್ಶನಗಳ ಕಾಲ ಎಂದು ಮೂರು ಭಾಗಗಳನ್ನು ಮಾಡಿಕೊಂಡು ಚರಿತ್ರೆಯ ಹಾದಿಯಲ್ಲಿ ನಡೆದರು. ಅವರ ಗ್ರಂಥವು ಅದ್ವೈತದಲ್ಲಿ ಮುಗಿಯುವುದಿಲ್ಲ. ಅದಾದ ಮೇಲೆ ಬರುವ ವಿಶಿಷ್ಟಾದ್ವೈತದ ಅಧ್ಯಾಯದಲ್ಲಿ ಮುಗಿಯುತ್ತದೆ. ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು ಎಂಬ ಭಾವನೆಗೆ ಅಲ್ಲಿ ಆಸ್ಪದವಿಲ್ಲ.

ಹಾಗಾದರೆ ಅವರಿಗೆ ತಮ್ಮದೆಂಬ ಒಲವೇ ಇರಲಿಲ್ಲವೇ ಎಂದು ಕೇಳಬಹುದು. ಅವರು ಬಹುಕಾಲ ಶ್ರಮಪಟ್ಟು ಸಂಪಾದಿಸಿದ ಸಂಸ್ಕೃತ ಗ್ರಂಥಗಳನ್ನು ನೋಡಿದರೆ ಅವುಗಳಲ್ಲಿ ಹಿರಿದಾದವು ಅದ್ವೈತಕ್ಕೆ ಸೇರಿದವೇ ಆಗಿವೆ. ಸುರೇಶ್ವರರ ನೈಷ್ಕರ್ಮ್ಯಸಿದ್ಧಿ, ಸದಾನಂದರ ವೇದಾಂತಸಾರ, ವಿಮುಕ್ತಾತ್ಮರ ಇಷ್ಟಸಿದ್ಧಿ ಇವೆಲ್ಲವೂ ಆ ಸಂಪ್ರದಾಯದ ಗ್ರಂಥಗಳು. ಇಷ್ಟಸಿದ್ಧಿಯನ್ನು ಬರೋಡೆಯ ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯವರು 1933ರಲ್ಲಿ ಹೊರತಂದರು. ತಮ್ಮ ಜೀವಮಾನದ ಪಾಂಡಿತ್ಯವನ್ನು ಹೆಚ್ಚಾಗಿ ಒಂದು ಸಂಪ್ರದಾಯದ ಗ್ರಂಥಗಳಿಗೆ ಧಾರೆಯೆರೆದವರು, ತರಗತಿಯಲ್ಲಿ ಆ ಸಂಪ್ರದಾಯಕ್ಕೆ ಒಂದು ಗುಲಗಂಜಿಯಷ್ಟೂ ಹೆಚ್ಚು ತೂಗಲಿಲ್ಲವೆಂಬುದೇ ಇಲ್ಲಿ ಗಮನಿಸಬೇಕಾದ ಸಂಗತಿ. ಒಲವೇ ಇಲ್ಲದವನು ನಿಷ್ಪಕ್ಷಪಾತಿಯಾಗಿರುವುದರಲ್ಲಿ ಹೆಚ್ಚುಗಾರಿಕೆಯೇನೂ ಇಲ್ಲ. ಒಲವು ಇದ್ದೂ ಅದನ್ನು ಕಟ್ಟಿನಲ್ಲಿಟ್ಟವನೇ ನಿಜವಾಗಿ ಪಕ್ಷಪಾತವನ್ನು ಗೆದ್ದವನು.

ಇನ್ನೊಂದು ಸಂದೇಹವೂ ಏಳಬಹುದು. ತನ್ನ ಅಭಿಪ್ರಾಯವನ್ನು ಬಚ್ಚಿಡುವುದು ಒಂದು ಬಗೆಯ ಕಪಟವಲ್ಲವೇ? ಸತ್ಯವನ್ನು ಬಲ್ಲವನು ಅದನ್ನು ಸಾರಬೇಡವೇ? ಹಿರಿಯಣ್ಣನವರ ನಡೆಯಲ್ಲಿ ಇದಕ್ಕೂ ಉತ್ತರವಿದೆ. ತಮ್ಮ ಗ್ರಂಥದಲ್ಲಿ ವಿಮರ್ಶೆಗೆ ಎಡೆಯೇ ಇಲ್ಲವೆಂದು ಅವರು ಹೇಳಿಕೊಳ್ಳಲಿಲ್ಲ. ವಿವರಣೆಯೂ ವಿಮರ್ಶೆಯೂ ಅದರಲ್ಲಿವೆ ಎಂದೇ ತಿಳಿಸಿದರು. ಆದರೆ ವಿಷಯವನ್ನು ಮೊದಲು ಇದ್ದಂತೆ ಹೇಳಿ, ವಿಮರ್ಶೆಯನ್ನು ಅದರಿಂದ ಬೇರೆಯಾಗಿ ಕಾಣುವಂತೆ ಇಟ್ಟರು. ಯಾವ ಮಾತು ಗ್ರಂಥದ್ದು, ಯಾವ ಮಾತು ತಮ್ಮದು ಎಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ. ಅಷ್ಟೇ ಅಲ್ಲ, ಬಹುಪಾಲು ಮೂಲಗ್ರಂಥಗಳನ್ನು ತಾವೇ ಓದಿ ಬರೆದಿದ್ದರೂ, ಪ್ರಾಚೀನ ಬೌದ್ಧಮತದ ಅಧ್ಯಾಯವೇ ಮುಂತಾದ ಎರಡು ಮೂರು ಕಡೆ ಹಾಗಲ್ಲವೆಂಬುದನ್ನು ಮುನ್ನುಡಿಯಲ್ಲಿಯೇ ಒಪ್ಪಿಕೊಂಡರು. ಹೀಗೆ ತನ್ನ ತಿಳಿವಳಿಕೆಯ ಎಲ್ಲೆಯನ್ನು ತಾನೇ ಗೆರೆ ಎಳೆದು ತೋರಿಸುವುದು ಕಪಟದ ಲಕ್ಷಣವಲ್ಲ. ಪಕ್ಷ ಹಿಡಿಯದಿರುವುದೆಂದರೆ ಸರಿ ತಪ್ಪುಗಳನ್ನು ಒಂದಾಗಿ ಕಾಣುವುದೆಂದೂ ಭಾವಿಸಬಾರದು. ಗ್ರಂಥದಲ್ಲಿ ಇಲ್ಲದ ಅರ್ಥವನ್ನು ಇದೆಯೆನ್ನುವವನ ಮಾತು ತಪ್ಪೇ. ಎರಡೂ ಎರಡೂ ಐದೆನ್ನುವವನಿಗೆ ತರಗತಿಯಲ್ಲಿ ಸಮಪಾಲು ಕೊಡಬೇಕಾಗಿಲ್ಲ. ವಿವೇಕಿಗಳು ಆಧಾರಸಹಿತವಾಗಿ ಭಿನ್ನಾಭಿಪ್ರಾಯ ಹೊಂದಿರುವ ಕಡೆಯಲ್ಲಿ ಮಾತ್ರ ಅಧ್ಯಾಪಕನು ನ್ಯಾಯಾಧೀಶನ ಕುರ್ಚಿಯನ್ನು ಬಿಟ್ಟುಕೊಡಬೇಕು. ಅಲ್ಲಿ ಆ ಕುರ್ಚಿಯಲ್ಲಿ ಕೂರತಕ್ಕವನು ವಿದ್ಯಾರ್ಥಿಯೇ.

ಮಹಾರಾಜಾ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ತ್ವಶಾಸ್ತ್ರದ ಪ್ರೊಫೆಸರರಾಗಿದ್ದವರು ಸರ್ವೇಪಲ್ಲಿ ರಾಧಾಕೃಷ್ಣನ್ನರು. ಯಾರ ಜನ್ಮದಿನವಾದ ಸೆಪ್ಟೆಂಬರ್ 5ನ್ನು 1962ರಿಂದ ನಾವು ಶಿಕ್ಷಕರ ದಿನವಾಗಿ ಆಚರಿಸುತ್ತಿರುವೆವೋ ಅವರೇ ಇವರು. ಇವರೂ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ರಾಧಾಕೃಷ್ಣನ್ನರದು ತುಂಬಿ ಹರಿಯುವ ವಾಗ್ಝರಿ. ಹಳೆಯ ವಿಚಾರಕ್ಕೆ ಹೊಸ ಅರ್ಥವನ್ನು ಕೊಟ್ಟು ಕೇಳುವವರನ್ನು ಸೆಳೆದೊಯ್ಯುವ ಶೈಲಿ. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದೊಯ್ದ ಕಥೆ ಪ್ರಸಿದ್ಧವಾಗಿದೆ. ಹಿರಿಯಣ್ಣನವರದು ಮಿತವಾದ, ಅಳೆದು ತೂಗಿದ ಮಾತು. ಇಬ್ಬರ ಸ್ವಭಾವಗಳು ಬೇರೆಯಾದರೂ ಪರಸ್ಪರ ಗೌರವಕ್ಕೆ ಕೊರತೆಯಿರಲಿಲ್ಲ. ರಾಧಾಕೃಷ್ಣನ್ನರು ತಮ್ಮ ಗ್ರಂಥದ ವಿಷಯದಲ್ಲಿ ತೋರಿಸಿದ ಆಸಕ್ತಿಯನ್ನು ಹಿರಿಯಣ್ಣನವರು 1932ರ ಮುನ್ನುಡಿಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದ್ದಾರೆ. ಶಿಷ್ಯರನ್ನು ಸೆಳೆದೊಯ್ಯುವ ಗುರುವೂ ಬೇಕು; ಶಿಷ್ಯನನ್ನು ಅವನ ಕಾಲ ಮೇಲೆಯೇ ನಿಲ್ಲಿಸಿ ತಾನು ಪಕ್ಕಕ್ಕೆ ಸರಿಯುವ ಗುರುವೂ ಬೇಕು. ಎರಡನೆಯವರಿಗೆ ಜಯಕಾರ ಕಡಿಮೆ. ಆದರೆ ಅವರು ಬಿಟ್ಟುಹೋಗುವ ಸ್ವಾತಂತ್ರ್ಯ ಶಿಷ್ಯನ ಬಳಿ ಬಹುಕಾಲ ಉಳಿಯುತ್ತದೆ.

ಇದೇ ಕಾಲದಲ್ಲಿ ದೂರದ ಜರ್ಮನಿಯಲ್ಲಿಯೂ ಈ ಪ್ರಶ್ನೆ ಎದ್ದಿತ್ತೆಂಬುದು ಕುತೂಹಲಕರವಾಗಿದೆ. ಮ್ಯಾಕ್ಸ್ ವೇಬರ್ ಎಂಬ ವಿದ್ವಾಂಸರು 1917ರಲ್ಲಿ ಮ್ಯೂನಿಕ್ ನಗರದಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ, ರಾಜಕೀಯ ಪಕ್ಷದ ಪ್ರಚಾರಕ್ಕೆ ಬೋಧಕನ ಪೀಠವು ತಕ್ಕ ಸ್ಥಳವಲ್ಲವೆಂದು ವಾದಿಸಿದರು. ವಿದ್ಯಾರ್ಥಿಗಳು ಎದ್ದು ಎದುರು ಮಾತನಾಡಲಾರದ ಕಡೆಯಲ್ಲಿ ಬೋಧಕನು ತನ್ನ ಮತವನ್ನು ಹೇರುವುದು ನ್ಯಾಯವಲ್ಲವೆಂಬುದು ಅವರ ಆಶಯ. ಯೂರೋಪಿನಲ್ಲಿ ಮಹಾಯುದ್ಧ ನಡೆಯುತ್ತಿದ್ದ ವರ್ಷವದು. ಮುಂದೆ ಅದೇ ಜರ್ಮನಿಯಲ್ಲಿ ಶಾಲೆಗಳನ್ನೇ ದ್ವೇಷದ ಪ್ರಚಾರಕ್ಕೆ ಬಳಸಿಕೊಂಡ ಸರ್ವಾಧಿಕಾರವು ಬಂದು, ಲೋಕಕ್ಕೆಲ್ಲ ಅನಾಹುತವಾಯಿತು. ಆ ಕಹಿಯನ್ನು ಉಂಡ ದೇಶದ ಶಿಕ್ಷಣತಜ್ಞರು 1976ರಲ್ಲಿ ಬಾಯ್ಟೆಲ್ಸ್‌ಬಾಖ್ ಎಂಬ ಊರಿನಲ್ಲಿ ಸೇರಿ ನಡೆಸಿದ ಚರ್ಚೆಯಿಂದ ಮೂರು ಸೂತ್ರಗಳು ಹೊರಟವು. ಉಪಾಧ್ಯಾಯನು ತನ್ನ ಅಭಿಪ್ರಾಯದಿಂದ ವಿದ್ಯಾರ್ಥಿಯನ್ನು ಮುಳುಗಿಸಿಬಿಡಬಾರದು. ಲೋಕದಲ್ಲಿ ವಿವಾದವಾಗಿರುವುದನ್ನು ತರಗತಿಯಲ್ಲಿಯೂ ವಿವಾದವೆಂದೇ ತೋರಿಸಬೇಕು. ವಿದ್ಯಾರ್ಥಿಯು ತನ್ನ ಸ್ಥಿತಿಯನ್ನು ತಾನೇ ವಿವೇಚಿಸಿಕೊಳ್ಳುವ ಶಕ್ತಿಯನ್ನು ಪಡೆಯಬೇಕು. ಈ ಮೂರನ್ನೂ ಮೈಸೂರಿನ ಒಬ್ಬ ಸಂಸ್ಕೃತದ ಪ್ರೊಫೆಸರರು, ಯಾವ ಸೂತ್ರವನ್ನೂ ಘೋಷಿಸದೆ, ದಿನದ ಪಾಠದಲ್ಲಿ ನಡೆಸಿಬಿಟ್ಟಿದ್ದರು.

ಈ ಮಾತುಗಳು ನಮ್ಮ ಶಾಲೆಗೆ ಹೇಗೆ ಅನ್ವಯಿಸುತ್ತವೆಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ನಾವು ಕನ್ನಡ ನಾಡಿನಿಂದ ಈ ಊರಿಗೆ ಬಂದು ಪಾಠ ಹೇಳುತ್ತಿರುವವರು. ನಮ್ಮ ಮುಂದೆ ಕುಳಿತಿರುವ ಮಕ್ಕಳ ಅಜ್ಜಿಯ ಮನೆ ಮಂಡ್ಯದ ಕಡೆಯಲ್ಲಿರಬಹುದು. ಅವರ ಆಟದ ಗೆಳೆಯನ ತಾತನ ಗದ್ದೆ ತಂಜಾವೂರಿನಲ್ಲಿರಬಹುದು. ಭೂಗೋಳದ ಪಾಠದಲ್ಲಿ ಕಾವೇರಿ ನದಿ ಬರುತ್ತದೆ. ಅಂದು ನಮ್ಮ ನಾಲಗೆಯನ್ನು ನಾವು ಹೇಗೆ ಹಿಡಿಯಬೇಕು? ಹಿರಿಯಣ್ಣನವರ ಮಾರ್ಗವನ್ನು ಅನುಸರಿಸಿದರೆ ದಾರಿ ತೋರುತ್ತದೆ. ಮೊದಲು ವಿವಾದವಿಲ್ಲದ ಸಂಗತಿಗಳನ್ನು ಹಲಗೆಯ ಮೇಲೆ ಬರೆಯಬೇಕು. ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವೆ 1892ರಲ್ಲಿಯೂ 1924ರಲ್ಲಿಯೂ ಒಪ್ಪಂದಗಳಾದವು. 1990ರಲ್ಲಿ ನ್ಯಾಯಮಂಡಲಿಯು ರಚಿತವಾಯಿತು. 2007ರ ಅಂತಿಮ ತೀರ್ಪಿನಲ್ಲಿ ಅದು 740 ಟಿ.ಎಂ.ಸಿ. ಅಡಿ ನೀರಿನಲ್ಲಿ ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75ನ್ನು ಕೂಡಿಸಿ 284.75 ಮಾಡಿತು, ತಮಿಳುನಾಡಿನ ಪಾಲು 404.25 ಆಯಿತು. ಅಂಕಿಗಳಿಗೆ ಕನ್ನಡ, ತಮಿಳು ಎಂಬ ಭೇದವಿಲ್ಲ.

ಅನಂತರ ಎರಡು ಕಡೆಯ ಮಾತುಗಳನ್ನೂ ಇಡಬೇಕು. ಕಾಲುವೆಗಳು ನಮ್ಮಲ್ಲಿ ನೂರಾರು ವರ್ಷಗಳಿಂದ ಇವೆ, ಹಳೆಯ ಬೇಸಾಯಗಾರನ ಬಾಯಿಂದ ನೀರನ್ನು ಕಸಿಯಬಾರದು ಎಂಬುದು ಕೆಳದಂಡೆಯವರ ವಾದ. ನದಿ ಹುಟ್ಟುವುದು ನಮ್ಮಲ್ಲಿ, ನಮ್ಮ ಬೆಳವಣಿಗೆ ತಡವಾಗಿ ಆರಂಭವಾಯಿತೆಂಬ ಕಾರಣಕ್ಕೆ ನಮ್ಮ ಹೊಲ ಎಂದೆಂದಿಗೂ ಒಣಗಬಾರದು, ಮಳೆ ಬಾರದ ವರ್ಷದ ಕಷ್ಟವನ್ನು ಇಬ್ಬರೂ ಹಂಚಿಕೊಳ್ಳಬೇಕು ಎಂಬುದು ಮೇಲ್ದಂಡೆಯವರ ವಾದ. ಮಂಡ್ಯದ ರೈತನೂ ತಂಜಾವೂರಿನ ರೈತನೂ ನಮ್ಮ ತರಗತಿಯ ಕಿಟಕಿಯ ಹೊರಗೆ ನಿಂತು ಕೇಳುತ್ತಿದ್ದರೆ, ಇಬ್ಬರೂ ತಮ್ಮ ಮಾತನ್ನು ಇವರು ಸರಿಯಾಗಿ ಹೇಳಿದರೆಂದು ತಲೆದೂಗುವಂತಿರಬೇಕು. ಅಲ್ಲಿಗೆ ಉಪಾಧ್ಯಾಯನ ಕೆಲಸ ಮುಗಿಯಿತು. ಯಾರ ಪಕ್ಷ ನ್ಯಾಯವೆಂದು ಬರೆಯುವುದು ವಿದ್ಯಾರ್ಥಿಗೆ ಬಿಟ್ಟದ್ದು. ಅವನು ಬರೆದ ತೀರ್ಮಾನವು ನಮಗೆ ಹಿಡಿಸಲಿಲ್ಲವೆಂದು ಅಂಕವನ್ನು ಕಡಿಮೆ ಮಾಡಬಾರದು. ಹಿಡಿಸಿತೆಂದು ಹೆಚ್ಚು ಕೊಡಲೂ ಬಾರದು. ಆಧಾರವನ್ನು ಸರಿಯಾಗಿ ಕೊಟ್ಟನೋ ಇಲ್ಲವೋ ಎಂಬುದೊಂದನ್ನೇ ನೋಡಬೇಕು.

ನಿವೃತ್ತರಾದ ಮೇಲೂ ಹಿರಿಯಣ್ಣನವರು ಓದು ಬರಹಗಳನ್ನು ನಿಲ್ಲಿಸಲಿಲ್ಲ. 1949ರಲ್ಲಿ, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಎಸೆನ್ಷಿಯಲ್ಸ್ ಆಫ್ ಇಂಡಿಯನ್ ಫಿಲಾಸಫಿ ಎಂಬ ಮತ್ತೊಂದು ಗ್ರಂಥವನ್ನು ಪ್ರಕಟಿಸಿದರು. ಮೊದಲನೆಯ ಗ್ರಂಥದಲ್ಲಿ ವೇದಾಂತಗಳ ಪೈಕಿ ಅದ್ವೈತ, ವಿಶಿಷ್ಟಾದ್ವೈತಗಳಿಗೆ ಮಾತ್ರ ಅಧ್ಯಾಯಗಳಿದ್ದವು. ಗಾತ್ರದಲ್ಲಿ ಚಿಕ್ಕದಾದ ಈ ಎರಡನೆಯದರಲ್ಲಿ ಮಧ್ವರ ದ್ವೈತಕ್ಕೂ ಸ್ಥಾನ ದೊರೆಯಿತು. 1950ರಲ್ಲಿ ಅವರು ದಿವಂಗತರಾದರು. 1952ರಲ್ಲಿ ಎನ್. ಶಿವರಾಮಶಾಸ್ತ್ರಿಗಳೂ ಜಿ. ಹನುಮಂತರಾಯರೂ ಸಂಪಾದಿಸಿದ ಸ್ಮಾರಕ ಸಂಪುಟವೊಂದು ಮೈಸೂರಿನಲ್ಲಿ ಹೊರಬಂದಿತು. ಪತ್ರಿಕೆಗಳಲ್ಲಿಯೂ ಸಂಪುಟಗಳಲ್ಲಿಯೂ ಚದರಿಹೋಗಿದ್ದ ಅವರ ಲೇಖನಗಳನ್ನು ಮೈಸೂರಿನ ಕಾವ್ಯಾಲಯ ಪ್ರಕಾಶನದವರು ಒಂದೊಂದಾಗಿ ಪುಸ್ತಕರೂಪದಲ್ಲಿ ತಂದರು. 1932ರ ಆ ಗ್ರಂಥವನ್ನು ಭಾರತದ ವಿಶ್ವವಿದ್ಯಾನಿಲಯಗಳಲ್ಲಿ ಇಂದಿಗೂ ಓದುತ್ತಾರೆ. ಬೇರೆ ಬೇರೆ ಮತದ ಮನೆಗಳಿಂದ ಬಂದ ವಿದ್ಯಾರ್ಥಿಗಳು ಒಂದೇ ಪುಸ್ತಕವನ್ನು ನಂಬಿ ಓದಬಲ್ಲರೆಂದರೆ ಅದನ್ನು ಬರೆದವರಿಗೆ ಇದಕ್ಕಿಂತ ಹಿರಿಯ ಬಿರುದು ಬೇಕಿಲ್ಲ.

ವಿದ್ಯಾರ್ಥಿಗಳಿರಾ, ಈ ಚರಿತ್ರೆಯಿಂದ ಕಲಿಯಬೇಕಾದವರು ಉಪಾಧ್ಯಾಯರು ಮಾತ್ರವಲ್ಲ. ನೀವೂ ದಿನವೂ ವಾದಿಸುತ್ತೀರಿ. ಆಟದ ಬಯಲಿನಲ್ಲಿ, ಮನೆಯಲ್ಲಿ, ಕೈಯಲ್ಲಿರುವ ಫೋನಿನಲ್ಲಿ ಯಾರೋ ಹೇಳಿದ್ದನ್ನು ಕೇಳಿ ಮತ್ತಾರನ್ನೋ ಹಳಿಯಲು ಹೊರಡುತ್ತೀರಿ. ಹಾಗೆ ಹೊರಡುವ ಮುಂಚೆ ಒಂದು ಕ್ಷಣ ನಿಂತು, ಎದುರಿನವನ ಮಾತನ್ನು ಅವನೇ ಒಪ್ಪುವಂತೆ ನಿಮ್ಮ ಬಾಯಿಂದ ಒಮ್ಮೆ ಹೇಳಿ ನೋಡಿರಿ. ಹೇಳಲು ಬಂದರೆ ನಿಮಗೆ ವಿಷಯವು ತಿಳಿದಿದೆ, ಆಮೇಲೆ ಖಂಡಿಸಬಹುದು. ಬಾರದಿದ್ದರೆ ನೀವು ಇನ್ನೂ ಕಲಿಯಬೇಕಾಗಿದೆ. ನಿಮ್ಮ ಉಪಾಧ್ಯಾಯರು ಹೇಳಿದ ಮಾತಿಗೂ ಇದೇ ನಿಯಮವುಂಟು. ಇದು ಪುಸ್ತಕದಲ್ಲಿರುವ ಸಂಗತಿಯೋ, ತಮ್ಮ ಅಭಿಪ್ರಾಯವೋ ಎಂದು ವಿನಯದಿಂದ ಕೇಳುವ ಹಕ್ಕು ಪ್ರತಿಯೊಬ್ಬ ವಿದ್ಯಾರ್ಥಿಗೂ ಇದೆ. ಆ ಪ್ರಶ್ನೆಗೆ ಕೋಪಿಸಿಕೊಳ್ಳದೆ ನೇರವಾಗಿ ಉತ್ತರಿಸುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯವಾಗಿದೆ.